ಪೆಟ್ಟಿಗೆ ಕೂಗದ ದಿನ

೨೦೨೫ರ ಮಾರ್ಚ್ ೧೧, ಮಂಗಳವಾರ, ಬೆಳಿಗ್ಗೆ ಆರು ಗಂಟೆ ಹನ್ನೆರಡು ನಿಮಿಷಕ್ಕೆ ಮ್ಯಾನೇಜರು ಲಾರಿಯ ಗಾಜಿನ ಕೆಳಗೆ ಸಾಬೂನಿನ ಗಾತ್ರದ ಕಪ್ಪು ಪೆಟ್ಟಿಗೆಯೊಂದನ್ನು ಅಂಟಿಸಿದರು.

"ಜೋರಾಗಿ ಬ್ರೇಕ್ ಒತ್ತಿದ್ರೆ ಇದು ಕೂಗುತ್ತೆ. ಹೊಸದಾಗಿ ಸೇರೋರಿಗೆ ಮುಖ್ಯ ಕಚೇರಿಯ ನಿಯಮ. ಸಂಜೆವರೆಗೆ ಒಂದು ಸಲಾನೂ ಕೂಗದಿದ್ರೆ ಕೆಲಸ ಕಾಯಂ. ಒಂದು ಸಲ ಕೂಗಿದ್ರೂ ಮನೆ ದಾರಿ."

ಎಂಟು ತಿಂಗಳಿಂದ ಬದಲಿ ಚಾಲಕನಾಗಿ ಅಲೆದಿದ್ದವನು ತಲೆಯಾಡಿಸಿದ. ಪಕ್ಕದಲ್ಲಿ ಅವನಿಗಾಗಿ ಶಿಫಾರಸು ಮಾಡಿದ ಮಾವ, ಅಂದರೆ ಹೆಂಡತಿಯ ಅಪ್ಪ, ಕೂತಿದ್ದರು. ಮೂವತ್ತು ವರ್ಷ ಲಾರಿ ಓಡಿಸಿ ನಿವೃತ್ತರಾಗಿದ್ದರೂ ಅವರ ಬಲಗಾಲಿಗೆ ನಿವೃತ್ತಿ ಸಿಕ್ಕಿರಲಿಲ್ಲ. ಇಲ್ಲದ ಬ್ರೇಕನ್ನು ತುಳಿಯುತ್ತಲೇ ಇತ್ತು.

ಹಿಂದೆ ಇಪ್ಪತ್ತು ಟನ್ ಸಿಮೆಂಟು. ಬ್ರೇಕ್ ಒತ್ತಿದ ಮೇಲೆ ಅದನ್ನು ನಡೆಸುವ ಗಾಳಿ ಕೊಳವೆಗಳಲ್ಲಿ ಓಡಿ ಹಿಂದಿನ ಚಕ್ರಗಳನ್ನು ತಲುಪಲು ಅರೆಕ್ಷಣ ಬೇಕು. ಆ ಅರೆಕ್ಷಣವೂ ಲಾರಿ ಓಡುತ್ತಲೇ ಇರುತ್ತದೆ. ಹಾಗಾಗಿ ಅಳಿಯ ಮುಂದೆ ಎಂಬತ್ತು ಮೀಟರ್ ಜಾಗ ಬಿಟ್ಟ. ಅಲ್ಲಿಗೆ ಒಂದು ಕಾರು ನುಗ್ಗಿತು. ವೇಗ ಇಳಿಸಿ ಮತ್ತೆ ಜಾಗ ಮಾಡಿದ. ವ್ಯಾನು ನುಗ್ಗಿತು.

"ಏನ್ರೀ ಅಳಿಯಂದಿರೇ, ಹೀಗೆ ಎಲ್ಲರಿಗೂ ದಾರಿ ಬಿಡ್ತಾ ಹೋದ್ರೆ ಹೊರಟ ಜಾಗಕ್ಕೇ ವಾಪಸ್ ಮುಟ್ತೀವಿ!"

"ಪೆಟ್ಟಿಗೆ ಕೂಗಬಾರದಲ್ಲ, ಮಾವ."

"ಅದೆಲ್ಲಿ ಕೂಗುತ್ತೆ? ಆಗಲೇ ನಿದ್ದೆ ಹೋಗಿರುತ್ತೆ."

ಇಳಿಜಾರಿನಲ್ಲಿ ಅವನು ಗೇರು ಇಳಿಸಿ, ಎಂಜಿನ್ನಿನ ಹಿಡಿತದಲ್ಲೇ, ತುಂಬಿದ ಕೊಡ ಹೊತ್ತವರಂತೆ ಇಳಿದ. ಸೈಕಲ್ಲಿನ ಮುದುಕನೊಬ್ಬ ಅವರನ್ನು ಹಿಂದೆ ಹಾಕಿ, ತಿರುಗಿ ನೋಡಿ ಕೈಬೀಸಿದ.

"ಬ್ರೇಕ್ ಮೇಲೇ ಕಾಲಿಟ್ಟು ಇಳಿದ್ರೆ ಚಕ್ರದ ಡ್ರಮ್ಮು ಕಾದು ಬ್ರೇಕ್ ಹಿಡಿತ ಬಿಡುತ್ತೆ, ಮಾವ."

ಮಾವ ನಗಲಿಲ್ಲ. "ಗೊತ್ತು. ಒಂದು ಸಲ ಹಾಗೇ ಇಳಿದಿದ್ದೆ. ಮರಳು ಗುಡ್ಡೆ ಅಡ್ಡ ಸಿಕ್ತು, ಬದುಕಿದೆ. ನಿಮ್ಮತ್ತೆಗೆ ಇವತ್ತಿಗೂ ಹೇಳಿಲ್ಲ." ಆಮೇಲೆ ದಾರಿಯುದ್ದಕ್ಕೂ ಅವರ ಬಲಗಾಲು ಸುಮ್ಮನಿತ್ತು.

ಸಿಮೆಂಟು ಇಳಿಸಿ ಸಂಜೆ ಐದೂವರೆಗೆ ವಾಪಸ್ ಬಂದಾಗ ಪೆಟ್ಟಿಗೆ ಕೂಗಿದ ಲೆಕ್ಕ ಸೊನ್ನೆ. ಮ್ಯಾನೇಜರು ಅದನ್ನು ತಟ್ಟಿದರು, ಕಿವಿಗೊಟ್ಟು ಕೇಳಿದರು.

"ಸೊನ್ನೆ ಹೇಗ್ರೀ ಬರುತ್ತೆ? ನಮ್ಮ ಹಳೇ ಡ್ರೈವರುಗಳದ್ದೇ ದಿನಕ್ಕೆ ಒಂಬತ್ತಕ್ಕಿಂತ ಕೆಳಗಿಳಿದಿಲ್ಲ. ಪೆಟ್ಟಿಗೆ ಕೆಟ್ಟಿದೆ."

"ಕೆಟ್ಟಿಲ್ಲ ಸಾರ್, ಪಕ್ಕದಲ್ಲೇ ಕೂತಿದ್ದೆ!" ಎಂದರು ಮಾವ.

"ಹಾಗಾದ್ರೆ ಈ ಅಂಗಳದಲ್ಲೇ ಮೂವತ್ತರ ವೇಗದಲ್ಲಿ ಬಂದು ಜೋರಾಗಿ ಒತ್ತಲಿ. ಕೂಗಿದ್ರೆ ನಂಬ್ತೀನಿ."

ಅಳಿಯ ಒತ್ತಿದ. ಪೆಟ್ಟಿಗೆ ಕಿಟಾರನೆ ಕಿರುಚಿತು. ಮಾವ ಚಪ್ಪಾಳೆ ತಟ್ಟಿದರು. ಮ್ಯಾನೇಜರು ಅಳಿಯನ ಕೈ ಕುಲುಕಿದರು. "ಭೇಷ್! ಪೆಟ್ಟಿಗೆ ಸರಿಯಾಗೇ ಇದೆ!"

ಅಷ್ಟರಲ್ಲಿ ಗುಮಾಸ್ತೆ ಒಂದು ಹಾಳೆ ಹಿಡಿದು ಓಡಿಬಂದಳು. "ಸಾರ್, ಇವರದ್ದು ಒಂದು ಸಲ ಕೂಗಿದೆ ಅಂತ ಮುಖ್ಯ ಕಚೇರಿಗೆ ಹೋಗಿಬಿಟ್ಟಿದೆ."

"ಅಳಿಸೋಕಾಗಲ್ವಾ?"

"ಅಳಿಸೋ ಹಾಗಿದ್ರೆ ಎಲ್ಲರೂ ಅಳಿಸ್ಕೊಳ್ತಿದ್ರು, ಸಾರ್."

ಮ್ಯಾನೇಜರು ಹಾಳೆಯನ್ನು ಅಳಿಯನ ಕೈಗಿಟ್ಟು, ಕಣ್ಣು ತಪ್ಪಿಸಿ ಒಳನಡೆದರು. ಅದರಲ್ಲಿದ್ದದ್ದು ಒಂದೇ ಸಾಲು: ಜೋರು ಬ್ರೇಕ್ ೧, ವೇಗ ಗಂಟೆಗೆ ೩೦ ಕಿ.ಮೀ.; ನಿಂತ ದೂರ ೯.೪ ಮೀಟರ್.