ಬೀಗಿತ್ತಿಯ ಮುಂದಿನ ನೀರಿನ ಲೋಟ

ಶನಿವಾರ, ಭಾನುವಾರ ಸಂಜೆ ನಮ್ಮ ಮನೆಯಲ್ಲಿ ನನಗೆ ಮಾತನಾಡುವ ಹಕ್ಕಿಲ್ಲ. ಬುಸಾನಿನ ಒಣಮೀನು ಪೇಟೆಯಲ್ಲಿ ಹಗಲೆಲ್ಲ ಗಂಟಲು ಹರಿದುಕೊಂಡು ಸರಕು ಮಾರುವವನು ನಾನು. ಟಿವಿಯಲ್ಲಿ ಪ್ರೇಮ ಧಾರಾವಾಹಿ ಶುರುವಾದ ಕೂಡಲೇ ಮನೆಯ ಸೋಫಾದಂತೆ ಬಾಯಿಲ್ಲದ ವಸ್ತು. ಮಾಡಿದ ಅಪರಾಧವಿಷ್ಟೇ: ಮುಂದೇನಾಗುತ್ತದೆಂದು ಮೊದಲೇ ಹೇಳಿಬಿಡುವುದು.

"ಈಗ ಮಳೆ ಬರುತ್ತೆ ನೋಡು," ಎನ್ನುತ್ತೇನೆ. ಬರುತ್ತದೆ.

"ಒಂದೇ ಕೊಡೆ ಇರುತ್ತೆ. ಪೂರ್ತಿ ಅವಳ ಕಡೆ ಹಿಡೀತಾನೆ. ಅವನ ಭುಜ ನೆನೆಯುತ್ತೆ." ನೆನೆಯುತ್ತದೆ.

"ನೀವು ಬಾಯ್ಮುಚ್ಕೊಂಡು ಏನಾದ್ರೂ ಅಗೀತಾ ಕೂತ್ಕೊಳ್ಳಿ," ಎನ್ನುತ್ತಾಳೆ ನನ್ನ ಹೆಂಡತಿ ಮಲ್‌ಸುಕ್.

ಒಂದು ದಿನ ತಾಳಲಾರದೆ ಕೇಳಿದೆ. "ಎಲ್ಲಾ ಮೊದಲೇ ಗೊತ್ತಿರೋ ಕಥೆ ಯಾರಿಗೆ ಬೇಕೇ? ನಾನಾಗಿದ್ರೆ ಇಂಥ ಸರಕನ್ನ ಅಂಗಡಿಗೇ ಸೇರಿಸ್ತಿರಲಿಲ್ಲ."

"ನಿಮ್ಮ ಒಣಮೀನು ಇವತ್ತು ಹೇಗಿತ್ತು?"

"ನಿನ್ನೆ ಹಾಗೇ."

"ನಾಳೆ?"

"ನಾಳೆನೂ ಹಾಗೇ. ರುಚಿ ಬದಲಾದ್ರೆ ಗಿರಾಕಿ ಮತ್ತೆ ಬರ್ತಾರಾ?"

ಅವಳು ತಿರುಗಿ ಕೂಡ ನೋಡಲಿಲ್ಲ. ಗೆದ್ದವರಿಗೆ ಅದರ ಅಗತ್ಯವಿರುವುದಿಲ್ಲ.

ಅಂದಿನಿಂದ ವ್ಯಾಪಾರಿಯ ಕಣ್ಣಿನಿಂದ ನೋಡತೊಡಗಿದೆ, ಮಾರುಹೋದೆ. ಎಂಥ ನೇರ ವ್ಯವಹಾರ. ಮೊದಲ ವಾರ ಜಗಳ ಎಂದರೆ ಜಗಳ. ಜಾರಿದ ಹುಡುಗಿ ನೆಲ ಮುಟ್ಟುವ ಮೊದಲೇ ನಾಯಕನ ತೋಳು ತಲುಪುತ್ತಾಳೆ (ನಮ್ಮ ಪೇಟೆಯಲ್ಲಿ ಜಾರಿದವರು ನೇರವಾಗಿ ಮೀನಿನ ಬುಟ್ಟಿಗೇ ಬೀಳುವುದು). ಜ್ವರ ಬಂದರೆ ಗಂಜಿ ಹಿಡಿದು ಬಾಗಿಲಲ್ಲಿ ನಿಂತಿರುತ್ತಾನೆ. ಆಮೇಲೆ ವಿರಹ, ಮೊದಲ ಹಿಮ ಬೀಳುವ ದಿನ ಪುನರ್ಮಿಲನ. ಚೀಲದ ಬಾಯಲ್ಲಿ ಕಂಡ ಸರಕೇ ಚೀಲದ ತಳದಲ್ಲೂ ಇರುತ್ತದೆ. ಹೀಗೆಂದು ಎದೆ ತಟ್ಟಿ ಹೇಳಬಲ್ಲ ವರ್ತಕರು ನಮ್ಮ ಬೀದಿಯಲ್ಲಿ ಕಡಿಮೆ (ನನ್ನ ವಿಷಯ ಕೇಳಬೇಡಿ).

ಇಂತಿರಲು ಮಗಳು ಯುನ್‌ಸೊಲ್ ಮದುವೆಯ ಸುದ್ದಿ ತಂದಳು. ಹುಡುಗ ತೆಕ್‌ಜಿನ್, ಒಳ್ಳೆಯವನು. ಆದರೆ ಅವನ ತಾಯಿಗೆ ಸೋಲ್ ನಗರದಲ್ಲಿ ಸ್ವಂತದ್ದೊಂದು ದೊಡ್ಡ ಕಟ್ಟಡವಿತ್ತು. ಎರಡೂ ಮನೆಯವರು ಊಟಕ್ಕೆ ಕೂತು ಮುಖ ನೋಡಿಕೊಳ್ಳುವ ದಿನ ನಿಗದಿಯಾಯಿತು. ಆ ಊಟ ಕೆಟ್ಟರೆ ಮದುವೆ ಕೆಟ್ಟಂತೆ.

"ಕಟ್ಟಡದ ಒಡತಿ, ಒಬ್ಬನೇ ಮಗ," ಎಂದಳು ಮಲ್‌ಸುಕ್. "ಮುಂದೇನು ಅಂತ ನಿಮಗೇ ಗೊತ್ತಲ್ಲ."

ಗೊತ್ತಿತ್ತು. ಶ್ರೀಮಂತ ಹುಡುಗನ ತಾಯಿ ನೆಟ್ಟಗೆ ಕೂರುತ್ತಾಳೆ, ನೀರಿನ ಲೋಟ ಎತ್ತುತ್ತಾಳೆ, ಎದುರಿಗೆ ಕೂತ ಹುಡುಗಿಯ ಮುಖಕ್ಕೆ ಎರಚುತ್ತಾಳೆ. ಈ ದೃಶ್ಯವಿಲ್ಲದ ಧಾರಾವಾಹಿ ನಮ್ಮ ಮನೆಯೊಳಗೆ ಕಾಲಿಟ್ಟಿಲ್ಲ.

"ರೇಷ್ಮೆ ಟೈ ಬೇಡ, ನೆನೆದ್ರೂ ಪರವಾಗಿಲ್ಲ ಅನ್ನೋದನ್ನ ಹಾಕ್ಕೊಳ್ಳಿ. ಮತ್ತೆ ಮಗಳನ್ನ ಹೊಗಳಬೇಡಿ. 'ಏನೂ ಕಲಿಸಿಲ್ಲ, ನೀವೇ ತಿದ್ದಿಕೊಳ್ಳಿ' ಅನ್ನಿ. ಅವರು 'ಛೆ, ನಮ್ಮ ಹುಡುಗನಿಗೇ ಏನೂ ಬರಲ್ಲ' ಅಂತಾರೆ. ಅಲ್ಲಿಗೆ ನಿಲ್ಲಿಸಿ," ಎಂದು ಅವಳೇ ಪಾಠ ಹೇಳಿಕೊಟ್ಟಳು.

ನಮ್ಮಲ್ಲಿ ಅದು ರಿವಾಜು. ಆದರೆ ಪುಡಿಯಾದ ಮೀನನ್ನೂ 'ಸಾರಿಗೆ ಇದೇ ಶ್ರೇಷ್ಠ' ಎಂದು ಹೊಗಳಿ ಮಾರಿದ ನಾಲಿಗೆ ನನ್ನದು. ಸ್ವಂತ ಸರಕನ್ನು ತೆಗಳಿ ಅದಕ್ಕೆ ಅಭ್ಯಾಸವಿಲ್ಲ. ಎಲ್ಲಿ ನಿಲ್ಲಿಸಬೇಕೆಂದು ಅದಕ್ಕೆ ತಿಳಿಯುವುದಾದರೂ ಹೇಗೆ?

ಎರಡೂ ಊರಿಗೆ ನಡುವಾಗುವ ದೇಜಾನ್‌ನಲ್ಲಿ, ಹೋಟೆಲಿನ ಒಳಕೋಣೆಯಲ್ಲಿ ಸೇರಿದೆವು. ಹುಡುಗನ ತಾಯಿ ಶ್ರೀಮತಿ ಗ್ವಾಕ್ ನೆಟ್ಟಗೆ ಕೂತಿದ್ದರು. ಅವರ ಯಜಮಾನರು ಮೂಲಂಗಿ ಪಲ್ಯವನ್ನು ದಿನಪತ್ರಿಕೆಯ ಹಾಗೆ ಓದುತ್ತಿದ್ದರು.

"ನಮ್ಮ ಹುಡುಗಿಗೆ ಏನೂ ಬರಲ್ಲ," ಎಂದೆ.

"ಅಯ್ಯೋ, ಹಾಗನ್ಬೇಡಿ. ನಮ್ಮವನಿಗೆ ಅಷ್ಟೂ ಬರಲ್ಲ."

ಇಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಹರಾಜಿನಲ್ಲಿ ಎದುರಿನವರು ಕೂಗಿದ ಮೇಲೆ ಸುಮ್ಮನಿರುವುದು ನನ್ನ ರಕ್ತದಲ್ಲಿಲ್ಲ.

"ಇವಳು ಅನ್ನಕ್ಕಿಟ್ರೆ ಮೇಲೆ ಹಸಿ, ಕೆಳಗೆ ಸೀದಿರುತ್ತೆ."

"ಇವನು ಅನ್ನದ ಪಾತ್ರೆ ಯಾವುದಮ್ಮಾ ಅಂತ ಫೋನ್ ಮಾಡ್ತಾನೆ."

"ನೀರು ಕಾಯೋಕಿಟ್ಟು ಮರೆತಳು, ಪಾತ್ರೆ ಹೋಯ್ತು."

"ಇವನಿಂದ ಒಲೆನೇ ಹೋಯ್ತು."

ಮೇಜಿನ ಕೆಳಗೆ ಮಲ್‌ಸುಕ್ ಒದ್ದಳು. ನಾನು ಅದನ್ನು ಪ್ರೋತ್ಸಾಹವೆಂದು ತಿಳಿದೆ.

"ಒಣಮೀನು ಅಂಗಡಿಯವನ ಮಗಳು, ಒಂದು ಒಣಮೀನಿನ ಸಾರು ಮಾಡಕ್ಕೆ ಬರಲ್ಲ ಬೀಗಿತ್ತಿಯವ್ರೇ. ಮುನಿಸ್ಕೊಂಡ್ರೆ ವಾರಗಟ್ಟಲೆ ಮಾತಾಡಲ್ಲ. ಇಂಥವಳನ್ನ ಯಾರು ಕಟ್ಕೋತಾರೋ ಅಂತ ನಮಗೇ ಯೋಚನೆಯಾಗಿತ್ತು."

ಮಗಳ ಕಿವಿ ಕೆಂಪಾಯಿತು. ಶ್ರೀಮತಿ ಗ್ವಾಕ್ ಅವರ ಕೈ ಮೆಲ್ಲನೆ ಲೋಟದ ಕಡೆ ಸರಿಯಿತು.

ಹೆತ್ತ ಮಗಳ ಮದುವೆಯನ್ನು ನನ್ನ ನಾಲಿಗೆಯಿಂದಲೇ ಮುಳುಗಿಸಿದ್ದೆ. ಬೀಳುವುದು ನನ್ನ ಮೇಲೇ ಬೀಳಲಿ ಎಂದು ಅವಳಿಗೆ ಅಡ್ಡವಾಗಿ ವಾಲಿ, ಕಣ್ಣು ಮುಚ್ಚಿದೆ.

ಗಟಗಟ ಕುಡಿಯುವ ಸದ್ದು ಕೇಳಿಸಿತು.

"ಬೀಗರೇ, ಯಾಕೆ ಕಣ್ಣು ಮುಚ್ಕೊಂಡ್ರಿ?"

"ನೀರು..." ಎಂದೆ.

ಖಾಲಿ ಲೋಟ ಕೆಳಗಿಟ್ಟ ಅವರ ಮುಖ ಕೆಂಪಾಯಿತು. "ಬಂದಾಗಿಂದ ನಾನು ಲೋಟ ಮುಟ್ಟಿರಲಿಲ್ಲ, ನೋಡಿದ್ರಲ್ಲ. 'ಅವರ ಮನೇಲೂ ಧಾರಾವಾಹಿ ನೋಡ್ತಾರಮ್ಮ, ಲೋಟ ಎತ್ತಿದ್ರೆ ಹೆದರ್ಕೋತಾರೆ' ಅಂತ ಇವನು ಎಚ್ಚರಿಸಿದ್ದ. ಎಷ್ಟು ಹೊತ್ತು ಅಂತ ತಡ್ಕೊಳ್ಳಲಿ? ಮಾತಾಡಿ ಮಾತಾಡಿ ಗಂಟಲು ಒಣಗಿಹೋಯ್ತು."

"ಬೀಗಿತ್ತಿಯವ್ರೇ, ನೀವು ಈಗ ಯಾವುದು ನೋಡ್ತಿದೀರಿ?" ಎಂದಳು ಮಲ್‌ಸುಕ್, ಹೊಸ ದನಿಯಲ್ಲಿ.

ಇಬ್ಬರೂ ನೋಡುತ್ತಿದ್ದದ್ದು ಒಂದನ್ನೇ. ಮುಂದಿನ ಅರ್ಧ ಊಟದಲ್ಲಿ ನಾವು ಗಂಡಸರು ಇದ್ದೆವೆಂಬುದಕ್ಕೆ ಸಾಕ್ಷಿಯಿಲ್ಲ.

"ಅವನ ಭುಜ ನೆನೆಯುತ್ತೆ ಅಂತ ಗೊತ್ತಿರುತ್ತೆ ಕಣ್ರೀ. ಆದ್ರೂ ನೋಡಿ, ನನ್ನ ಕಣ್ಣಲ್ಲಿ ನೀರು," ಎಂದರು ಶ್ರೀಮತಿ ಗ್ವಾಕ್.

"ಗೊತ್ತಿರೋದಕ್ಕೇ ಅಲ್ವೇ ಅಷ್ಟೊಂದು ಕಾಯೋದು," ಎಂದಳು ನನ್ನವಳು. ವ್ಯಾಪಾರದ ಗುಟ್ಟನ್ನು ಇಷ್ಟು ಚೊಕ್ಕವಾಗಿ ಹೇಳಿದವರನ್ನು ನಾನು ಪೇಟೆಯಲ್ಲಿ ಕಂಡಿಲ್ಲ.

ಹಣ್ಣು ಬರುವ ಹೊತ್ತಿಗೆ ಮದುವೆ ವಸಂತಕ್ಕೆ ನಿಶ್ಚಯವಾಗಿತ್ತು. ಮಗಳು ನೆಮ್ಮದಿಯ ಉಸಿರು ಬಿಟ್ಟಳು. ನಾನೂ ಬಿಡುವುದರಲ್ಲಿದ್ದೆ.

"ಒಂದೇ ಒಂದು ಚಿಂತೆ ಬೀಗರೇ," ಎಂದರು ಶ್ರೀಮತಿ ಗ್ವಾಕ್. ಇದು ಬಾಡಿಗೆದಾರರ ಜೊತೆ ಮಾತನಾಡುವ ದನಿ. ನನಗೆ ಆಗಲೇ ತಿಳಿಯಬೇಕಿತ್ತು. "ಹುಡುಗಿಗೆ ಸಾರು ಕೂಡ ಬರಲ್ಲ ಅಂತ ನೀವೇ ಅಂದ್ರಿ. ನಮ್ಮವನನ್ನ ಒಲೆ ಹತ್ರ ಬಿಡೋ ಹಾಗಿಲ್ಲ. ಮಕ್ಕಳು ಉಪವಾಸ ಬೀಳಬಾರದು ನೋಡಿ. ವಾರ ವಾರ ಸಾರು ಮಾಡಿ ಕಳಿಸೋದು ನಿಮ್ಮ ಕಡೆಯಿಂದ ಆಗ್ಲಿ. ಮೀನು ಹೇಗೂ ನಿಮ್ಮ ಅಂಗಡೀದೇ."

"ಅದಕ್ಕೇನಂತೆ," ಎಂದಳು ಮಲ್‌ಸುಕ್, ನಾನು ಬಾಯಿ ತೆರೆಯುವ ಮೊದಲೇ.

"ಸೊಸೆ ತವರಿನ ರುಚಿ ನಮಗೂ ಅಭ್ಯಾಸ ಆಗ್ಬೇಕಲ್ಲ, ನಮ್ಮನೆಗೂ ತಿಂಗಳಿಗೊಂದು ಚೀಲ ಮೀನು ಹಾಕಿ. ಪುಡಿಯಾಗಿದ್ದು ಬೇಡ ಬೀಗರೇ. ಬೆಳ್ಳಿ ಥರ ಹೊಳೀತಿರುತ್ತಲ್ಲ, ಅದು."

ಯಾರಿಗೂ ಒಂದು ಹಿಡಿ ಬಿಟ್ಟಿ ಕೊಡದವನು ನಾನು. ಎರಡು ಮನೆಗೆ ಜೀವಮಾನದ ಸರಬರಾಜು ಒಪ್ಪಿಕೊಂಡು, ಸೊಂಟ ಬಗ್ಗಿಸಿ ನಮಸ್ಕರಿಸಿ ಹೊರಬಂದೆ.

"ಇಂಥ ತಿರುವು ಯಾವ ಧಾರಾವಾಹೀಲೂ ಬಂದಿಲ್ಲ," ಎಂದು ರೈಲಿನಲ್ಲಿ ಗೊಣಗಿದೆ. ಮಗಳು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ನಗುತ್ತಿದ್ದಳು.

"ಧಾರಾವಾಹೀಲಿ ಹುಡುಗಿ ಅಪ್ಪ ಇಷ್ಟೊಂದು ಮಾತಾಡಲ್ಲಾ ರೀ," ಎಂದಳು ಮಲ್‌ಸುಕ್.