ಜಾಗ ಹಿಡಿದು ಕೂತವರು ಯಾರು?

ಇಷ್ಟೆಲ್ಲ ರಾಮಾಯಣಕ್ಕೆ ಕಾರಣ ಒಂದು ಚಹಾ ಗಂಟೆ. ಕುರಾಬಿನ್ ಊರಿನ ರೇಡಿಯೋ ಕೇಂದ್ರದಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಅಧ್ಯಕ್ಷೆ ಬೆರಿಲ್ ಗಂಟೆ ಬಾರಿಸಿದರೆ ಸ್ಮೋಕೊ ಎಂದರ್ಥ. ಕೈಯಲ್ಲಿದ್ದ ಕೆಲಸವನ್ನು ಹಾಗೆಯೇ ಬಿಟ್ಟು ಚಹಾಕ್ಕೆ ಬರಬೇಕು. ಆ ಶನಿವಾರ ಲಿಂಡ್ಸೆ ಟ್ರೆಗಿಯರ್ ಸರ್ವರಿನಲ್ಲಿ ಪ್ರಸಾರ ನಡೆಸುವ ಸೇವೆಯನ್ನು ನಿಲ್ಲಿಸಿ, ಸ್ಪೀಕರುಗಳನ್ನು ಬಂದ್ ಮಾಡಿ, ಸರ್ವರ್ ಕೋಣೆಯಲ್ಲಿ ಹೊಸ ಮೈಕೊಂದನ್ನು ಬೆರಳಿನಿಂದ ತಟ್ಟಿ ಪರೀಕ್ಷಿಸುತ್ತಿದ್ದ. ಗಂಟೆ ಕೇಳಿಸಿತು. ಎದ್ದು ಹೋದ.

ತಟ್ಟುತ್ತಿದ್ದ, ಮಾತಾಡುತ್ತಿರಲಿಲ್ಲ. ಮೈಕಿನೆದುರು ಅವನ ನಾಲಿಗೆ ಒಣಗುತ್ತಿತ್ತು. ಹಾಲಿನ ಟ್ಯಾಂಕರ್ ಓಡಿಸಿ ನಿವೃತ್ತನಾದ ಮೇಲೆ ಕೇಂದ್ರದ ಕೀಲಿ ವಹಿಸಿಕೊಳ್ಳುವಾಗ ಅವನು ಹಾಕಿದ ಷರತ್ತು ಒಂದೇ: ತನ್ನನ್ನು ಎಂದೂ ಮೈಕಿನಲ್ಲಿ ಮಾತಾಡಿಸಬಾರದು. ಆ ಕೀಲಿಯೇ ಅವನ ಪ್ರಾಣ. ಅದೂ ಈಗ ಅಲುಗಾಡುತ್ತಿತ್ತು. ಯಂತ್ರಗಳನ್ನು ನೋಡಿಕೊಳ್ಳುವ ಅವನ ಕೆಲಸವನ್ನು ಸಿಡ್ನಿಯ ಕಂಪನಿಗೆ ಕೊಡಬೇಕೋ ಬೇಡವೋ ಎಂದು ಸಂಜೆ ಸಮಿತಿ ಮತ ಹಾಕುವುದಿತ್ತು.

"ಹನ್ನೊಂದಕ್ಕೆ ಕುರಿ ಅಟ್ಟೋ ನಾಯಿಗಳ ಪಂದ್ಯದ ಫೈನಲ್, ಮೈದಾನದಿಂದ ವಿವರಣೆ ನಂದೇ. ಇವತ್ತೇನಾದ್ರೂ ಎಡವಟ್ಟಾದ್ರೆ ಕೀಲಿ ಮೇಜಿನ ಮೇಲಿಟ್ಟು ಮನೆಗೆ ಹೋಗು," ಎಂದು ಎಚ್ಚರಿಸಿ ಬೆರಿಲ್ ಮೈದಾನಕ್ಕೆ ಹೊರಟರು.

ಚಹಾ ಮುಗಿಸಿ ಬಂದು ಲಿಂಡ್ಸೆ ಸೇವೆಯನ್ನು ಶುರು ಮಾಡಿದರೆ ತೆರೆಯ ಮೇಲೆ ಒಂದೇ ಮಾತು: ವಿಫಲ. ಮತ್ತೆ ಒತ್ತಿದ. ವಿಫಲ.

ಹಳ್ಳಿಹಾಡುಗಳ ಉದ್ಘೋಷಕ ಮರ್ವ್ ಬಾಗಿಲಲ್ಲಿ ಇಣುಕಿದ. "ಆಫ್ ಮಾಡಿ ಆನ್ ಮಾಡೋ. ನಮ್ಮನೆ ಫ್ರಿಜ್ಜಿಗೆ ಅದೇ ಔಷಧಿ."

"ಆಫ್ ಮಾಡಿದ್ರೆ ರೋಗ ಏನಂತ ಗೊತ್ತಾಗೋದೇ ಇಲ್ವಲ್ಲ ಮಾರಾಯ!" ಲಿಂಡ್ಸೆಗೆ ಭಯಕ್ಕಿಂತ ಕುತೂಹಲವೇ ಹೆಚ್ಚಾಗಿತ್ತು.

ಡಿಸ್ಕ್ ತುಂಬಿದೆಯೇ? ಇಲ್ಲ. ಸೆಟ್ಟಿಂಗ್ ಕಡತ ಕೆಟ್ಟಿದೆಯೇ? ಇಲ್ಲ. ಅಷ್ಟರಲ್ಲಿ ಫೋನ್ ಬಡಿದುಕೊಳ್ಳತೊಡಗಿತು.

"ಎತ್ತಬೇಡ. ರೇಡಿಯೋ ಯಾಕೆ ಮೂಕಾಗಿದೆ ಅಂತ ಬೈಯೋಕೆ ಮಾಡಿರ್ತಾರೆ," ಎಂದ ಲಿಂಡ್ಸೆ.

ಮರ್ವ್ ಫೋನಿನ ತಂತಿಯನ್ನೇ ಕಿತ್ತ. ಕೋಣೆ ಕಾದ ಒಲೆಯಂತಾಗಿತ್ತು, ಬಾಗಿಲು ಮಾತ್ರ ತಾನಾಗಿ ಮುಚ್ಚಿಕೊಳ್ಳುತ್ತಿತ್ತು.

"ಬೆರಿಲ್ ಮಾಡಿರೋ ಲ್ಯಾಮಿಂಗ್ಟನ್ ಕೇಕ್ ಉಳಿದಿದೆಯಲ್ಲ, ಅದನ್ನ ಬಾಗಿಲ ಕೆಳಗಿಡು. ಕಲ್ಲಿಗಿಂತ ಗಟ್ಟಿ," ಎಂದ ಲಿಂಡ್ಸೆ.

"ಆಯಮ್ಮನ ವೀಕ್ಷಕ ವಿವರಣೆ ತಪ್ಪಿದ್ರೆ ಒಳ್ಳೇದೇ ಬಿಡು."

"ಹೌದು ಮತ್ತೆ! ಹೋದ ವರ್ಷ ಅದನ್ನ ಕೇಳಿ ಕುರಿಗಳೇ ನಿದ್ದೆ ಹೋದ್ವು." ಇಬ್ಬರೂ ಹೊಟ್ಟೆ ಹಿಡಿದು ನಕ್ಕರು.

ಹತ್ತೂವರೆ ದಾಟಿದಾಗ ಲಿಂಡ್ಸೆಗೆ ಸರ್ವರ್ ಬರೆದಿಟ್ಟ ದಾಖಲೆಯಲ್ಲಿ 'ವಿಫಲ'ದ ಮೇಲಿನ ಸಾಲುಗಳನ್ನು ಓದುವ ಬುದ್ಧಿ ಬಂತು. ಪ್ರಸಾರ ಹೊರಹೋಗುವ ಪೋರ್ಟನ್ನು ಬೇರೆ ಯಾವುದೋ ಪ್ರೋಗ್ರಾಂ ಆಗಲೇ ಹಿಡಿದುಕೊಂಡಿದೆ ಎಂದಿತ್ತು.

"ನಮ್ಮ ಜಾಗದಲ್ಲಿ ಯಾವನೋ ಕಳ್ಳ ಕೂತಿದಾನೆ ಮರ್ವ್! ಯಾರಿರಬಹುದು?"

"ಸಿಡ್ನಿ ಕಂಪನಿಯವರೇ!"

ಹುಡುಕಿದ. ಕಳ್ಳನ ಹೆಸರು ಸಿಕ್ಕಿತು: ಮೈಕ್ ಪರೀಕ್ಷೆ. ಶುರುವಾದದ್ದು ಎಂಟು ಐವತ್ತೈದಕ್ಕೆ. ಶುರು ಮಾಡಿದವನು ಲಿಂಡ್ಸೆ.

ಅವನು ನಿಧಾನವಾಗಿ ತಲೆಯೆತ್ತಿ ಕಪಾಟಿನ ಮೇಲಿದ್ದ ಹೊಸ ಮೈಕನ್ನು ನೋಡಿದ. ಅದರ ಕೆಂಪು ದೀಪ ಉರಿಯುತ್ತಿತ್ತು. ಒಂಬತ್ತರಿಂದ ಇಲ್ಲಿಯವರೆಗೆ ಆಡಿದ ಮಾತೆಲ್ಲ ಅದರ ಮೂಲಕ ಪ್ರಸಾರವಾಗಿ ಮನೆಮನೆಗೂ ತಲುಪಿತ್ತು. ಪರೀಕ್ಷೆಯನ್ನು ನಿಲ್ಲಿಸಿ ಸೇವೆಯನ್ನು ಶುರು ಮಾಡಿದ. ಜಾಣಮಗುವಿನಂತೆ ಶುರುವಾಯಿತು. ಜೇಬಿನಿಂದ ಕೀಲಿ ತೆಗೆದು ಮೇಜಿನ ಮೇಲಿಟ್ಟ. ಅವನ ಕಣ್ಣು ತುಂಬಿ ಬಂತು.

ಬಾಗಿಲಡಿಯ ಕೇಕನ್ನು ಒದ್ದು ಬೆರಿಲ್ ಒಳಬಂದರು. ಕೈಯಲ್ಲಿ ತಟ್ಟೆ.

"ಕೀಲಿ ಜೇಬಲ್ಲಿಟ್ಕೋ. ಮೈದಾನದಲ್ಲಿ ನಾಯಿ ಕಡೆ ತಿರುಗಿ ನೋಡೋರಿಲ್ಲ. ಎಲ್ರೂ ಕಾರಲ್ಲಿ ಕೂತು ನಿನ್ನನ್ನೇ ಕೇಳ್ತಿದಾರೆ. ಸಮಿತಿ ಅಲ್ಲೇ ಮತ ಹಾಕಿ ಸಿಡ್ನಿಯವರನ್ನ ಬೇಡ ಅಂದ್ಬಿಡ್ತು. ಇನ್ನು ಪ್ರತಿ ಶನಿವಾರ ಒಂಬತ್ತರಿಂದ ಹನ್ನೊಂದು ನಿನ್ನ ಕಾರ್ಯಕ್ರಮ."

"ಮೈಕಿನಲ್ಲಾ? ನಾನಾ?" ನಾಲಿಗೆ ಆಗಲೇ ಒಣಗಿತ್ತು. "ಅಧ್ಯಕ್ಷರೇ, ಸರ್ವರ್ ಸರಿಹೋಯ್ತಲ್ಲ! ಇನ್ನು ಮಾತಾಡೋಕೆ ಕೆಟ್ಟಿರೋದೇನೂ ಇಲ್ವಲ್ಲ!"

"ಕೆಡಿಸು," ಎಂದರು ಬೆರಿಲ್, ತಟ್ಟೆಯ ಮೇಲಿನ ಬಟ್ಟೆ ಸರಿಸುತ್ತ. ಹೊಚ್ಚಹೊಸ ಲ್ಯಾಮಿಂಗ್ಟನ್, ಒಂದು ಡಜನ್. "ಮೊದ್ಲು ಮೈಕ್ ಹಚ್ಚಿ ಇದನ್ನ ತಿನ್ನು. ನೀನು ಅಗಿಯೋ ಸದ್ದು ಊರಿಗೆಲ್ಲ ಕೇಳ್ಲಿ."