ಆಲ್ದೂರಿನ ಕಾಫಿಪುಡಿ ಕೌಂಟರಿನಲ್ಲಿರುವ ನನ್ನ ದಿವಂಗತ ಪತ್ನಿಯವರಿಗೆ

ಮಾನ್ಯರೇ,

ಷಡಕ್ಷರಿಯವರ ಕಾಫಿಪುಡಿ ಅಂಗಡಿಯ ಕೌಂಟರನ್ನು ಒಂದು ವರ್ಷದಿಂದ ಅಲಂಕರಿಸಿರುವ, ಅದಕ್ಕೂ ಮೊದಲು ಇಪ್ಪತ್ತಾರು ವರ್ಷ ನನ್ನ ಧರ್ಮಪತ್ನಿಯಾಗಿದ್ದು ತೊಂಬತ್ತೇಳರ ಮಳೆಗಾಲದಲ್ಲಿ ತೀರಿಕೊಂಡ ಶ್ರೀಮತಿ ತುಂಗಮ್ಮನವರ ಸನ್ನಿಧಾನಕ್ಕೆ, ಮಲ್ಲಂದೂರಿನಲ್ಲಿ ಒಂಬತ್ತು ಎಕರೆ ತೋಟವಿಟ್ಟುಕೊಂಡು ತೊಂಬತ್ತು ಎಕರೆಯ ಮಾತಾಡುವ ಚನ್ನಕೇಶವನು ಊರವರೆಲ್ಲ ಓದಲೆಂದೇ ಬರೆದುಕೊಳ್ಳುವ ಬಿನ್ನಹ.

ತಮ್ಮ ಸೇವೆಯ ಬಗ್ಗೆ ಯಾರಿಗೂ ತಕರಾರಿಲ್ಲ. ಕಾದ ಡ್ರಮ್ಮಿಗೆ ಬರಿಗೈ ಹಾಕಿ ಬೀಜದ ಹದ ನೋಡುತ್ತೀರಿ, ಊಟಕ್ಕೆಂದು ಎದ್ದು ಹೋಗುವುದಿಲ್ಲ, ಹಿಂದುಮುಂದಾದ ಪಾದಗಳನ್ನು ಕೌಂಟರು ಮರೆಮಾಡುತ್ತದೆ. ದೆವ್ವವಾದರೇನು, ತೂಕದಲ್ಲಿ ಮೋಸವಿಲ್ಲ ಎಂದು ಜನ ಗೋಣಿಬೀಡಿನಿಂದ ಬಸ್ಸು ಹತ್ತಿ ಬರುತ್ತಾರೆ. ತಮಗಿಂತ ಮುಂಚೆ ಆ ಜಾಗದಲ್ಲಿದ್ದ ಅರಳೀಮರದ ಬ್ರಹ್ಮರಾಕ್ಷಸ ಪ್ರತಿ ಗಿರಾಕಿಗೂ ಮೂರು ಪ್ರಶ್ನೆ ಹಾಕಿ, ಉತ್ತರ ಬಾರದವರನ್ನು ಬರಿಗೈಯಲ್ಲಿ ಕಳಿಸುತ್ತಿದ್ದನಂತೆ. ತಾವು ಕೇಳುವುದು ಒಂದೇ ಪ್ರಶ್ನೆ: “ಕುಡಿಯೋರು ಯಾರು?” ಹೆಂಡತಿಗೆ ಎಂದು ಹೇಳಿ ಅರ್ಧಕ್ಕರ್ಧ ಚಿಕೋರಿ ಕೇಳುವ ಗಂಡಸನ್ನು ತಾವು ನೋಡುವ ನೋಟಕ್ಕೆ, ಅವನೇ ಚಿಕೋರಿ ಬೇಡವೆಂದು ತಿದ್ದಿಕೊಳ್ಳುತ್ತಾನಂತೆ.

ಹೀಗಿರುವಾಗ ನನ್ನ ದೂರೇನೆಂದರೆ, ತಾವು ಏಕೆ ಕೆಲಸಕ್ಕೆ ಸೇರಿದಿರೆಂಬುದು ಈಗ ಸೀಮೆಗೆಲ್ಲ ಗೊತ್ತಾಗಿದೆ. ಸಿಪ್ಪೆ ಬಿಡಿಸಿ ತೊಳೆದೊಣಗಿಸಿದ ಒಳ್ಳೆಯ ಪಾರ್ಚ್‌ಮೆಂಟ್ ಬೀಜವನ್ನೆಲ್ಲ ಚಿಕ್ಕಮಗಳೂರಿಗೆ ಕಳಿಸಿ, ತೊಟ್ಟಿಯ ನೀರಲ್ಲಿ ತೇಲಿದ ಜೊಳ್ಳನ್ನೂ ಗಿಡದ ಬುಡದಲ್ಲಿ ಗುಡಿಸಿದ ಕಾಯನ್ನೂ ಹುರಿದು ಕುಡಿಯುವುದು ನಮ್ಮ ಕಡೆಯ ಬೆಳೆಗಾರರ ವಾಡಿಕೆ, ನಾನೊಬ್ಬನೇ ಪಾಪಿಯಲ್ಲ. ಆದರೆ ಒಮ್ಮೆ ತಾವು ಆಸೆಪಟ್ಟು ಒಂದು ಸೇರು ಪಾರ್ಚ್‌ಮೆಂಟ್ ತೆಗೆದಿಟ್ಟಾಗ, ಅದನ್ನು ಹುಡುಕಿ ತಂದು ಮತ್ತೆ ಚೀಲಕ್ಕೆ ಸುರಿದ ಮಹಾನುಭಾವ ನಾನೊಬ್ಬನೇ ಇರಬೇಕು. ಅದೇ ಸಂಜೆ ನೆಂಟರ ಮುಂದೆ ನಮ್ಮ ತೋಟದ ಕಾಫಿಯ ಘಮದ ಬಗ್ಗೆ ಅರ್ಧ ಗಂಟೆ ಭಾಷಣ ಬಿಗಿದಿದ್ದೂ ನಾನೇ. ತಾವು ಒಳಗೆ ಹೋಗಿ ಲೋಟ ತೊಳೆದಿರಿ.

ಹೋದ ವರ್ಷ ಮಹಾಲಯ ಅಮಾವಾಸ್ಯೆಗೆ ತಮ್ಮ ಹೆಸರಿನಲ್ಲಿ ಮೊದಲ ಎಡೆ ಇಟ್ಟೆ. ಕಡುಬು, ಕೋಳಿಸಾರು, ಹೊಸ ಸೀರೆ ಎಲ್ಲ ಇಟ್ಟವನು, ಕಾಫಿಯನ್ನು ಮಾತ್ರ ಅಭ್ಯಾಸಬಲದಿಂದ ಆ ಜೊಳ್ಳಿನ ಡಬ್ಬದಿಂದಲೇ ಮಾಡಿಸಿದೆ. ಬಾಗಿಲು ಮುಚ್ಚಿ ಹೊರಗೆ ಕಾದು ಒಳಗೆ ಬಂದು ನೋಡಿದರೆ, ಕಾಫಿ ಲೋಟ ಎಡೆಯಿಂದೆದ್ದು ನನ್ನ ಮಣೆಯ ಮುಂದೆ ಕೂತಿತ್ತು. ಮಾರನೆಯ ಸೋಮವಾರದಿಂದ ತಾವು ಷಡಕ್ಷರಿಯವರ ಅಂಗಡಿಯಲ್ಲಿ.

ಈ ಸಲ ಹಾಗಾಗಬಾರದೆಂದು ಕಳೆದ ಶುಕ್ರವಾರ ನಾನೇ ಸಾಲಿನಲ್ಲಿ ನಿಂತೆ. ತಾವು ಎಲ್ಲರನ್ನೂ ಕೇಳುವುದನ್ನೇ ಕೇಳಿದಿರಿ. ಹಿಂದೆ ಏಳೆಂಟು ಜನ ನಿಂತಿದ್ದರು. ನಿನಗೇ ಎಂದು ಹೇಳಲು ಹೊರಟ ಈ ಒಣಜಂಭದ ನಾಲಿಗೆ, ನೆಂಟರು ಬರುತ್ತಾರೆ ಎಂದುಬಿಟ್ಟಿತು.

“ಯಾವ ನೆಂಟ್ರು? ನಿಮ್ಮನೇಲಿ ಕಾಫಿ ಕುಡಿಯೋಳು ಹೋಗಿ ಎರಡು ವರ್ಷ ಆಯ್ತಲ್ರೀ,” ಎಂದಿರಿ.

ಸಾಲಿನಲ್ಲಿದ್ದ ರೇವಣ್ಣ ಕೆಮ್ಮಿದ. ನಾನು ಪುಡಿ ತೆಗೆದುಕೊಳ್ಳದೆ ಬಸ್ಸು ಹತ್ತಿದೆ, ದಾರಿಯುದ್ದಕ್ಕೂ ಕಣ್ಣಿಗೆ ಧೂಳು ಬಿತ್ತೆಂದು ಕಂಡಕ್ಟರನಿಗೆ ಸುಳ್ಳು ಹೇಳಿದೆ.

ಆದ್ದರಿಂದ ಈ ಮೂಲಕ ಪ್ರಾರ್ಥಿಸುವುದೇನೆಂದರೆ, ಬರುವ ಅಮಾವಾಸ್ಯೆಗೆ ತಾವು ಒಂದು ದಿನ ರಜೆ ಹಾಕಬೇಕು. ಅಂದು ಎಲ್ಲ ದೆವ್ವಗಳಿಗೂ ಕೆಲಸ ಹೆಚ್ಚೆಂದು ಬಲ್ಲೆ. ಬದಲಿಗೆ ಬ್ರಹ್ಮರಾಕ್ಷಸನನ್ನು ಕೂರಿಸಲು ಷಡಕ್ಷರಿ ಒಪ್ಪದಿದ್ದರೆ ನಾನೇ ಬಂದು ಪುಡಿ ತೂಗುತ್ತೇನೆ, ಪಾದಗಳನ್ನು ಹಿಂದುಮುಂದು ಮಾಡಿಕೊಳ್ಳುವುದನ್ನೂ ಕಲಿಯುತ್ತೇನೆ. ತಾವು ಬಂದರೆ ಸಾಕು. ಪಾರ್ಚ್‌ಮೆಂಟಿನ ಮೂಟೆ ಬಿಚ್ಚಿದ್ದೇನೆ. ಮೊದಲ ಕೊಯ್ಲಿನದು, ನನ್ನ ಕೈಯಾರೆ ಹುರಿದದ್ದು, ಅರ್ಧ ಸೀದಿದೆ.

ಸಾಲಿನ ಕಡೆಯಲ್ಲಿ ನಿಂತಿರುವ,
ಈಗಲಾದರೂ ತಮ್ಮ ವಿಶ್ವಾಸಿ,
ಚನ್ನಕೇಶವ

ತಾ.ಕ.: ಎಡೆಯ ದಿನ ಈ ಸಲ ಎರಡು ಲೋಟ ಇರುತ್ತವೆ. ಒಂದರಲ್ಲಿ ಹಳೆಯ ಡಬ್ಬದ ಜೊಳ್ಳಿನ ಕಾಫಿಯಿರುತ್ತದೆ. ಹೋದ ಸಲದ ಹಾಗೆ ಅದನ್ನು ಎತ್ತಿಡುವ ತೊಂದರೆ ತೆಗೆದುಕೊಳ್ಳಬೇಡ ತುಂಗಾ, ಅದನ್ನು ಮೊದಲೇ ನನ್ನ ಮಣೆಯ ಮುಂದೆ ಇಟ್ಟುಕೊಂಡಿರುತ್ತೇನೆ.